ಮಾಮಾನ ಮೋಟಾರಿಗೆ ಗೇಣುದ್ದ ಗೀರು

ನಮ್ಮ ಮನೆಯಲ್ಲಿ ಏನಾದರೂ ಕೆಟ್ಟಿತೆಂದರೆ ಕೆಟ್ಟಷ್ಟಕ್ಕೇ ನಿಲ್ಲುವುದಿಲ್ಲ, ಅದನ್ನು ಸರಿ ಮಾಡುವುದಕ್ಕೆ ಮಂದಿ ಕೂಡುತ್ತಾರೆ. ಗೋಡೆ ಗಡಿಯಾರ ಐದು ನಿಮಿಷ ಹಿಂದೆ ಬಿತ್ತೆಂದು ಅಪ್ಪ ಅದರ ಬೆನ್ನು ಬಿಚ್ಚಿದ ದಿನದಿಂದ ಇವತ್ತಿನ ತನಕ ನಮಗೆ ಹೊತ್ತು ತಿಳಿಯುವುದು ವಾಡಿಯಿಂದ ಬರುವ ರೈಲಿನ ಸೀಟಿಯಿಂದ. ಹೀಗಾಗಿ ಮಾಮಾನ ಮೋಟಾರಿಗೆ ಆದದ್ದು ನಮ್ಮ ಮನೆಯ ಮಟ್ಟಿಗೆ ದೊಡ್ಡ ಸಂಗತಿಯಲ್ಲ. ಆದರೆ ಆ ಸಲ ಸರಿಯಾಗಬೇಕಾದದ್ದು ಬರೇ ಒಂದು ಬಾಗಿಲಾಗಿರಲಿಲ್ಲ. ನನ್ನ ಕಾಲೇಜು ಕೂಡ ಅದೇ ಬಾಗಿಲಿಗೆ ಅಂಟಿಕೊಂಡಿತ್ತು.

೧. ಟ್ರಂಕಿನ ಕೊಂಡಿ

ಅಪ್ಪ ಚಿತ್ತಾಪುರದಲ್ಲಿ ವಕೀಲರು. ಅವರ ಅಕ್ಕ, ನಮ್ಮ ಅತ್ತಿ, ಇದ್ದದ್ದು ಹೈದರಾಬಾದಿನಲ್ಲಿ. ಅತ್ತಿಯ ಗಂಡನೇ ಈ ಮಾಮಾ. ರಜಿಸ್ಟ್ರಿ ಕಚೇರಿಯಲ್ಲಿ ದೊಡ್ಡ ಸಾಹೇಬರು. ಅವರ ಮನೆಯಲ್ಲಿದ್ದುಕೊಂಡು ನಾನು ಕಾನ್ವೆಂಟಿನಲ್ಲಿ ಓದಿದೆ. ಅಲ್ಲಿ ನನಗೆ ಕಲಿಸಿದ್ದು ಇಂಗ್ಲಿಷು, ನಾನು ಕಲಿತದ್ದು ಸುಮ್ಮನಿರುವುದು. ಮೆಟ್ರಿಕ್ ಮುಗಿದಿತ್ತು. ಮುಂದೆ ಕಾಲೇಜಿಗೆ ಹೋಗಬೇಕಾದರೂ ಅವರ ಮನೆಯೇ ಗತಿ.

ಬೇಸಿಗೆ ಸೂಟಿಗೆ ಮಾಮಾ ತಮ್ಮ ಮೋಟಾರಿನಲ್ಲಿ ನನ್ನನ್ನು ಊರಿಗೆ ಕರೆತಂದರು. ಅದನ್ನು ಅವರು ನಮ್ಮ ಅಂಗಳದಲ್ಲಿ ಬಿಟ್ಟು, ಹೊಸ ಹಲ್ಲಿನ ಕಟ್ಟು ಹಾಕಿಸಿಕೊಳ್ಳಲು ರೈಲು ಹತ್ತಿ ಮುಂಬೈಗೆ ಹೋಗುವವರಿದ್ದರು. ಎಂಟು ದಿನದ ಕೆಲಸ. ಮೋಟಾರು ಅಂದರೆ ಅದು ಮೋಟಾರು. ಕರಿ ಬಣ್ಣ, ಅದರ ಮೇಲೆ ಗಾಜಿನಂಥ ವಾರ್ನಿಶ್ ಪದರು. ಅದು ಬಂದು ನಿಂತ ಕೂಡಲೇ ಅವ್ವ ಅದರ ಬಾಗಿಲಲ್ಲಿ ಮುಖ ನೋಡಿಕೊಂಡು ಕುಂಕುಮ ತಿದ್ದಿಕೊಂಡಳು.

ಹೊರಡುವ ಮೊದಲು ಮಾಮಾ ಅಪ್ಪನಿಗೆ ತಾಕೀತು ಮಾಡಿದ್ದು ಒಂದೇ ಮಾತು. "ಹೆಂಗ ಬಿಟ್ಟು ಹೊಂಟೀನಿ, ಹಂಗ ಸಿಗಬೇಕು."

ಆ ಮಾತಿನ ತೂಕ ನನಗೆ ಗೊತ್ತಿತ್ತು. ಹಿಂದಿನ ವರ್ಷ ಅವರ ಸ್ವಂತ ತಮ್ಮನ ಮಗ ಅವರ ಮೇಜಿನ ಮೇಲೆ ಬಿಸಿ ಚಹಾದ ಕಪ್ಪು ಇಟ್ಟು ಗುಂಡನೆಯ ಕಲೆ ಮಾಡಿದ್ದ. ಮರುದಿನ ಅವನ ಹಾಸಿಗೆ ಹಾಸ್ಟೆಲಿನಲ್ಲಿತ್ತು. ಹುಡುಗನಿಗಾದರೆ ಹಾಸ್ಟೆಲಾದರೂ ಇತ್ತು. ನನಗೆ ಇದ್ದದ್ದು ಆಯಿ, ಅಂದರೆ ಅಪ್ಪನ ತಾಯಿ, ಸೇಡಂ ಕಡೆ ನೋಡಿಟ್ಟಿದ್ದ ಒಬ್ಬ ವರ.

ಇಷ್ಟೆಲ್ಲ ಗೊತ್ತಿದ್ದ ನಾನೇ, ಮಾಮಾ ನೀರು ಕುಡಿಯಲು ಒಳಗೆ ಹೋದಾಗ, ಯಾರನ್ನಾದರೂ ಕರೆಯಲು ನಾಚಿಕೆಯಾಗಿ, ಇನ್ನೂ ಮೋಟಾರಿನಲ್ಲೇ ಇದ್ದ ನನ್ನ ತಗಡಿನ ಟ್ರಂಕನ್ನು ನಾನೇ ಹೊರಗೆ ಎಳೆದೆ. ಅದರ ಕಬ್ಬಿಣದ ಕೊಂಡಿ ಹಿಂದಿನ ಬಾಗಿಲ ಮೇಲೆ ಗೇಣುದ್ದ ಗೀರು ಹಾಕಿತು. ವಾರ್ನಿಶ್ ಹೋಗಿ, ಬಣ್ಣ ಹೋಗಿ, ಒಳಗಿನ ತಗಡು ಬೆಳ್ಳಗೆ ಹೊಳೆಯಿತು.

ನಾನು ಬೆನ್ನನ್ನು ಆ ಗೀರಿಗೆ ಹಚ್ಚಿ ನಿಂತೆ. ಮಾಮಾ ಹೊರಗೆ ಬಂದರು, ನಿಂತೇ ಇದ್ದೆ. ನಮಸ್ಕಾರ ಮಾಡು ಬಾ ಎಂದು ಅವ್ವ ಕರೆದಳು, ನಿಂತಲ್ಲಿಂದಲೇ ಕೈ ಮುಗಿದೆ. ಮಾಮಾ ಟಾಂಗಾ ಹತ್ತಿ ಅಪ್ಪನಿಗೆ ಹೇಳಿದರು:

"ಹುಡುಗಿಗಿ ಮೋಟಾರ್ ಬಿಟ್ಟು ಸರೀಲಿಕ್ಕೇ ಮನಸ್ಸಿಲ್ಲ ನೋಡು. ಓದಿನ ಮ್ಯಾಲ ಎಷ್ಟು ಆಸೆ ಇರಬೇಕು."

೨. ಎಮ್ಮೆಯ ವಿಚಾರಣೆ

ಮರುದಿನ ಮುಂಜಾನೆ ಗೀರು ಅಪ್ಪನ ಕಣ್ಣಿಗೆ ಬಿತ್ತು. ಬೇರೆಯವರಾದರೆ ಮೊದಲು ಬಣ್ಣ ಹುಡುಕುತ್ತಿದ್ದರು. ಅಪ್ಪ ವಕೀಲರು, ಮೊದಲು ಅಪರಾಧಿಯನ್ನು ಹುಡುಕಿದರು. ಅಂಗಳದ ಆಚೆ ಪಕ್ಕದ ಮನೆಯ ಕಾಕುವಿನ ಎಮ್ಮೆ ಕಟ್ಟಿತ್ತು. ಅದಕ್ಕೆ ಕೊಂಬಿದ್ದವು. ಅಷ್ಟು ಸಾಕಾಯಿತು.

ಅಪ್ಪನ ಕಾಗದಪತ್ರ ಬರೆಯುವ ಮುನಶಿ ಸಾಹೇಬರು ಒಂದು ಸುತಳಿ ತಂದು, ನೆಲದಿಂದ ಗೀರಿನ ತನಕ ಅಳೆದು ಗಂಟು ಹಾಕಿದರು. ಅದೇ ಸುತಳಿಯನ್ನು ಎಮ್ಮೆಯ ಕೊಂಬಿಗೂ ಹಿಡಿದರು. ಎಮ್ಮೆ ಸುತಳಿಯ ತುದಿಯನ್ನು ಮೇಯ್ದಿದ್ದರಿಂದ ಎರಡನೆಯ ಅಳತೆ ಪಕ್ಕಾ ಆಗಲಿಲ್ಲ. ಆದರೂ ಅಪ್ಪ ಕಾಕುವನ್ನು ಕರೆಸಿ, ನಿಮ್ಮ ಎಮ್ಮೆ ನಿನ್ನೆ ಸಂಜೆ ಎಲ್ಲಿತ್ತು, ಯಾರ ಕಣ್ಣೆದುರು ಇತ್ತು, ಹಗ್ಗ ಎಷ್ಟುದ್ದ, ಎಂದು ಪಾಟೀಸವಾಲು ಹಾಕತೊಡಗಿದರು. ಕಾಕು ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಎಲ್ಲ ಕೇಳಿಸಿಕೊಂಡಳು. ಕೊನೆಗೆ ಒಂದೇ ಉತ್ತರ ಕೊಟ್ಟಳು.

"ವಕೀಲ್ರ, ನನ್ನ ಎಮ್ಮಿ ಕೊಂಬು ಹಿಂದಕ ಬಾಗ್ಯಾವ. ಅದು ಗೀರಬೇಕಂದ್ರ ನಿಮ್ಮ ಮೋಟಾರಿಗಿ ಬೆನ್ನು ಮಾಡಿ, ಹಿಂದ ಹಿಂದ ನಡಕೋತ ಬರಬೇಕು. ಅಷ್ಟು ಶಾಣ್ಯಾ ಇದ್ರ ಅದೂ ನಿಮ್ಮಂಗ ಕರಿ ಕೋಟ್ ಹಾಕ್ಕೊಂಡು ಕೋರ್ಟಿಗಿ ಹೋಗ್ತಿತ್ತು. ನನ್ನ ಕೈಲೆ ಯಾಕ ಹಾಲು ಹಿಂಡಿಸಿಕೋತಿತ್ತು?"

ಬಾಗಿಲ ಸಂದಿಯಿಂದ ನೋಡುತ್ತಿದ್ದ ನನಗೆ ಎಮ್ಮೆಯ ಮುಖ ನೋಡಲಾಗಲಿಲ್ಲ. ಹೇಳಬೇಕೆಂದು ಎರಡು ಸಲ ಹೊಸ್ತಿಲ ತನಕ ಬಂದೆ, ಎರಡು ಸಲವೂ ನೀರು ಕುಡಿದು ಒಳಗೆ ಹೋದೆ. ಮಾಡದ ತಪ್ಪಿಗೆ ಬೈಸಿಕೊಳ್ಳುತ್ತದಲ್ಲ ಎಂದು, ಅಂದಿನಿಂದ ದಿನಾ ಮಧ್ಯಾಹ್ನ ಒಂದು ಜೋಳದ ರೊಟ್ಟಿ ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ, ಮೋಟಾರಿನ ಮರೆಯಲ್ಲಿ ನಿಂತು ಅದಕ್ಕೆ ತಿನ್ನಿಸಿ ಬರುತ್ತಿದ್ದೆ. ಮೂರನೆಯ ದಿನ ಎಮ್ಮೆ ನನ್ನ ದಾರಿ ಕಾಯದೆ ತಾನೇ ಹಗ್ಗ ಬಿಚ್ಚಿಕೊಂಡು ಬಂದು ಮೋಟಾರಿನ ಹತ್ತಿರ ನಿಂತಿತು.

ಅಪ್ಪ ಕಿಟಕಿಯಿಂದ ನೋಡಿ ಮುನಶಿ ಸಾಹೇಬರನ್ನು ಕರೆದರು. "ಬರಕೋರಿ ಮುನಶೀಜಿ. ಗುನ್ಹಾ ಮಾಡಿದವರು ಗುನ್ಹಾ ಮಾಡಿದ ಜಾಗಾಕ್ಕ ತಿರುಗಿ ಬಂದೇ ಬರ್ತಾರ."

೩. ಆಯಿಯ ಕೈಗುಣ

ಒಂದು ಗೀರಿಗೆ ಗಂಡಸರು ಮೂರು ದಿನದಿಂದ ಸುತಳಿ ಹಿಡಿದುಕೊಂಡು ತಿರುಗುವುದು ಆಯಿಗೆ ಸರಿ ಕಾಣಲಿಲ್ಲ. ಅಪ್ಪ ಕೋರ್ಟಿಗೆ ಹೋದದ್ದನ್ನು ನೋಡಿ ಆಕೆ ಹುಣಸೆಹಣ್ಣು, ಒಲೆಯ ಬೂದಿ, ತೆಂಗಿನ ನಾರು ತೆಗೆದುಕೊಂಡು ಅಂಗಳಕ್ಕೆ ಬಂದಳು. ಆಯಿ ಉಜ್ಜಿದ ಹಿತ್ತಾಳೆ ಕೊಡ ನೋಡಲು ನೆರೆಹೊರೆಯ ಸೊಸೆಯಂದಿರನ್ನು ಕಳಿಸುತ್ತಿದ್ದರು, ಕಲಿಯಲಿ ಎಂದು. ಅದೇ ಕೈ ಒಂದು ತಾಸು ಬಾಗಿಲ ಮೇಲೆ ಆಡಿತು.

ನಾನು ಬಂದು ನೋಡಿದಾಗ ಗೀರು ಕಾಣಲಿಲ್ಲ. ಯಾಕೆಂದರೆ ಈಗ ಇಡೀ ಬಾಗಿಲೇ ಗೀರಾಗಿತ್ತು. ಗಾಜಿನಂತಿದ್ದ ವಾರ್ನಿಶ್ ಹೋಗಿ, ರೊಟ್ಟಿ ಹಂಚಿನ ಬೆನ್ನಿನ ಹಾಗೆ ಮಂಕಾಗಿತ್ತು. ಆಯಿಯ ಲೆಕ್ಕದಲ್ಲಿ ವಾರ್ನಿಶ್ ಅಂದರೆ ವರ್ಷಗಟ್ಟಲೆ ಯಾರೂ ತೊಳೆಯದೆ ಕುಳಿತಿದ್ದ ಜಿಡ್ಡು. ಅತ್ತಿಯ ಮನೆಯ ಆಳುಗಳ ಮೈಗಳ್ಳತನಕ್ಕೆ ಅದೇ ಸಾಕ್ಷಿ.

ಅಪ್ಪ ಸಂಜೆ ಬಂದು ನೋಡಿ, ಟೋಪಿ ತೆಗೆದು, ಕಟ್ಟೆಯ ಮೇಲೆ ಕುಳಿತುಬಿಟ್ಟರು. ಮಗನ ಮುಖ ಯಾಕೆ ಬಾಡಿದೆ ಎಂದು ಆಯಿಗೆ ಥಟ್ಟನೆ ಹೊಳೆಯಿತು. ಆಕೆ ಕೈಯೊಳಗಿನ ನಾರು ಜಾಡಿಸಿ ಸಮಾಧಾನ ಮಾಡಿದಳು.

"ಒಂದೇ ಬಾಗಿಲ ಬ್ಯಾರೆ ಕಾಣಲಿಕತ್ತದ ಅಂತ ಚಿಂತಿ ಮಾಡಬ್ಯಾಡೋ. ಉಳದ ಮೂರೂ ನಾಳಿ ಮುಂಜಾನೆ ಉಜ್ಜಿ ಕೊಡ್ತೀನಿ."

೪. ಧೂಳಿಲ್ಲದ ಜಾಗ

ಆ ರಾತ್ರಿ ಅಪ್ಪನಿಗೆ ನೆನಪಾಯಿತು, ಮನೆಯಲ್ಲಿ ಇಂಗ್ಲಿಷ್ ಓದಿದ ಮಗಳೊಬ್ಬಳು ಇದ್ದಾಳೆ ಎಂದು. ಮೋಟಾರಿನ ಸೀಟಿನ ಕೆಳಗೆ ಒಂದು ತೆಳ್ಳನೆಯ ಪುಸ್ತಕವಿತ್ತು. ಅದರಲ್ಲಿ ಬಣ್ಣ ಹೋದರೆ, ವಾರ್ನಿಶ್ ಗೀರಿದರೆ ಮನೆಯಲ್ಲೇ ಹೇಗೆ ಸರಿ ಮಾಡಿಕೊಳ್ಳಬೇಕು ಎಂದು ಒಂದು ಪುಟ. ಮರುದಿನ ಮುಂಜಾನೆ ಅಪ್ಪ, ಮುನಶಿ ಸಾಹೇಬರು, ಆಯಿ ಸಾಲಾಗಿ ಕುಳಿತರು. ನಾನು ಓದಿ ಕನ್ನಡದಲ್ಲಿ ಹೇಳಬೇಕು. ನನ್ನ ದನಿ ನನಗೇ ಕೇಳಿಸುವುದು ಕಷ್ಟ, ಆದ್ದರಿಂದ ನಾನು ಹೇಳಿದ್ದನ್ನು ಮುನಶಿ ಸಾಹೇಬರು ಕೋರ್ಟಿನಲ್ಲಿ ಕಕ್ಷಿದಾರರನ್ನು ಕೂಗುವ ಹಾಗೆ ಕೂಗಿ ಹೇಳುತ್ತಿದ್ದರು. ಆ ಕೂಗಿಗೆ ಬೀದಿಯಲ್ಲಿ ಹೋಗುವವರಿಬ್ಬರು ಒಳಗೆ ಬಂದು ಕುಳಿತರು.

ಮೊದಲು ಸೋಪಿನ ನೀರಿನಿಂದ ತೊಳೆಯಬೇಕು. ಉಸುಕಿನ ಕಾಗದವನ್ನು ನೀರಲ್ಲಿ ಅದ್ದಿ ಮೆಲ್ಲಗೆ ಒಂದೇ ದಿಕ್ಕಿಗೆ ಉಜ್ಜಬೇಕು. ಬಣ್ಣ ತೆಳ್ಳಗೆ ಹಚ್ಚಬೇಕು, ಒಣಗಿದ ಮೇಲೆ ವಾರ್ನಿಶ್. ಇಲ್ಲಿಯ ತನಕ ಎಲ್ಲರೂ ತಲೆಯಾಡಿಸಿದರು. ಆಮೇಲೆ ಬಂತು: ಧೂಳಿಲ್ಲದ ಜಾಗದಲ್ಲಿ, ಗಾಳಿ ಬಡಿಯದಂತೆ, ಒಂದು ಹಗಲು ಒಂದು ರಾತ್ರಿ ಯಾರೂ ಮುಟ್ಟದೆ ಬಿಡಬೇಕು.

ಎಲ್ಲರೂ ಬೀದಿಯ ಕಡೆ ತಿರುಗಿ ನೋಡಿದರು. ಶಹಾಬಾದಿನ ಸುಣ್ಣದ ಭಟ್ಟಿ ಒಂದು ಕಡೆ, ಬೇಸಿಗೆಯ ಗಾಳಿ ಇನ್ನೊಂದು ಕಡೆ. ನಮ್ಮಲ್ಲಿ ಬಿಳಿ ಧೋತರ ಒಣಹಾಕಿದರೆ ತೆಗೆಯುವಾಗ ಅದು ಯಾರದೆಂದು ಕೇಳಬೇಕಾಗುತ್ತದೆ.

"ಸಾಹೇಬ್ರ," ಎಂದರು ಮುನಶಿ ಸಾಹೇಬರು ಕೊನೆಗೆ, "ಈ ಕಿತಾಬ್ ಬರದವ್ರು ಚಿತ್ತಾಪುರ ನೋಡಿಲ್ಲ."

ಅಪ್ಪ ಕಾನೂನಿನ ದಾರಿ ಹುಡುಕಿದರು. "ಸಾಧ್ಯವಿದ್ದಷ್ಟು" ಎಂಬ ಮಾತು ಎಲ್ಲಾದರೂ ಇದೆಯೇನು ನೋಡು ಎಂದರು. ಇರಲಿಲ್ಲ. ಅಪ್ಪನ ಮುಖ ನೋಡಿ ಇದೆ ಎಂದುಬಿಟ್ಟೆ. ಆಯಿ ಮಾತ್ರ ಪುಸ್ತಕದ ಮಾತನ್ನು ಪೂರಾ ಒಪ್ಪಿಕೊಂಡಳು. "ಗಾಳಿ ಬಡೀಬಾರದು, ಧೂಳು ಬೀಳಬಾರದು, ಯಾರೂ ಮುಟ್ಟಬಾರದು. ಹಂಗಂದ್ರ ಬಾಣಂತಿ ಇದ್ದಂಗ. ಅದನ್ನ ನನಗ ಬಿಡ್ರಿ."

ಮಧ್ಯಾಹ್ನದ ಹೊತ್ತಿಗೆ, ಇನ್ನೂ ಹನಿ ಬಣ್ಣ ಹಚ್ಚದ ಆ ಬಾಗಿಲ ಸುತ್ತ ಅವ್ವನ ಎರಡು ಹಳೇ ಸೀರೆ ಕಟ್ಟಿದ್ದವು. ಕೆಳಗೆ ಅಗ್ಗಿಷ್ಟಿಕೆಯಲ್ಲಿ ಕೆಂಡ, ಕೆಂಡದ ಮೇಲೆ ಅಜವಾನ. ಮೋಟಾರು ಕೆಮ್ಮುವುದೊಂದೇ ಬಾಕಿ.

೫. ರಾವೂರಿನ ಉಜ್ಜುವವನು

ಉಸುಕು, ನೀರು, ಉಜ್ಜುವುದು. ಈ ಮೂರು ಮಾತನ್ನು ಆ ಕೂಗಿನಲ್ಲಿ ಕೇಳಿಸಿಕೊಂಡ ದಾರಿಹೋಕರಿಬ್ಬರಲ್ಲಿ ಒಬ್ಬಾತ ರಾವೂರಿನ ಕಡೆಯವನು. ಇದಕ್ಕೆ ಚಿಂತೆ ಯಾಕೆ, ನಮ್ಮೂರಲ್ಲಿ ಹುಟ್ಟಿದ ಕೂಸೂ ಇದನ್ನೇ ಮಾಡುತ್ತದೆ ಎಂದು ಹೇಳಿ, ಮರುದಿನ ಒಬ್ಬ ಫರಸಿ ಉಜ್ಜುವವನನ್ನು ಕಳಿಸಿಕೊಟ್ಟ. ಶಹಾಬಾದಿನ ಕಲ್ಲನ್ನು ಉಜ್ಜಿ ಉಜ್ಜಿ ನೆಲಕ್ಕೆ ಹಾಸುವಂತೆ ನುಣುಪು ಮಾಡುವವ. ದೊಡ್ಡ ದೊಡ್ಡ ವಾಡೆಗಳ ಪಡಸಾಲೆ ಅವನ ಕೈಯಲ್ಲಿ ಕನ್ನಡಿಯಾಗಿದ್ದವು.

ಅವನು ಬಾಗಿಲನ್ನು ಬೆರಳಿನಿಂದ ತಟ್ಟಿ ಕಿವಿಗೊಟ್ಟು ಕೇಳಿದ. ಕಲ್ಲು ತೆಳ್ಳಗಿದೆ ಎಂದ. ನೀರು ಚಿಮುಕಿಸಿ, ಉಸುಕಿನ ಕಾಗದವನ್ನು ಪಕ್ಕಕ್ಕಿಟ್ಟು, ತನ್ನ ಸಾಣೆಕಲ್ಲು ತೆಗೆದ. ಇನ್ನು ಸಾಕು ಎನ್ನುವುದು ನನ್ನ ಪಾಲಿನ ಕೆಲಸವಾಗಿತ್ತು, ಏಕೆಂದರೆ ಪುಸ್ತಕ ಓದಿದವಳು ನಾನು. ಅಷ್ಟು ಮನಸಿಟ್ಟು ಕೆಲಸ ಮಾಡುವವನನ್ನು ನಡುವೆ ನಿಲ್ಲಿಸುವುದು ಹೇಗೆ ಎಂದು ನಾನು ಯೋಚಿಸುತ್ತಲೇ ಇದ್ದೆ. ಆಯಿ ಉಳಿಸಿದ್ದ ಚೂರುಪಾರು ವಾರ್ನಿಶ್ ಹೋಯಿತು. ಕರಿ ಹೋಯಿತು. ಕರಿಯ ಕೆಳಗೆ ಕೆಂಪು ಬಂತು, ಕೆಂಪೂ ಹೋಯಿತು. ಕಲ್ಲಾದರೆ ಎಷ್ಟು ಉಜ್ಜಿದರೂ ಒಳಗೆ ಕಲ್ಲೇ ಇರುತ್ತದೆ, ಅವನ ಜನ್ಮದ ಅನುಭವ ಅದು.

ಅಪ್ಪ ಬಂದಾಗ ಮೋಟಾರಿಗೆ ಮೂರು ಕರಿ ಬಾಗಿಲು, ಒಂದು ಬೆಳ್ಳಿ ಬಾಗಿಲು. ಏನಪ್ಪಾ ಮಾಡಿದಿ ಎಂದು ಅಪ್ಪ ಕೇಳಿದರು. ಅವನು ಬೆವರು ಒರೆಸಿಕೊಂಡು, ಇನ್ನೂ ತೃಪ್ತಿಯಿಲ್ಲದ ಕಣ್ಣಿನಿಂದ ಬಾಗಿಲು ನೋಡಿ ಹೇಳಿದ:

"ಇನ್ನೊಂದು ತಾಸು ಕೊಟ್ರ, ಆ ಕಡಿಂದು ಈ ಕಡಿ ಕಾಣಸ್ತದ್ರಿ."

೬. ಒಳಗಿನ ಗಿಣಿಗಳು

ಉಳಿದದ್ದು ಎರಡು ದಿನ. ಮುನಶಿ ಸಾಹೇಬರ ಹೆಂಡತಿಯ ಅಣ್ಣ ವಾಡಿ ಸ್ಟೇಷನ್ನಿನ ಟಾಂಗಾಗಳಿಗೆ ಬಣ್ಣ ಬರೆಯುತ್ತಿದ್ದರು. ಅವರನ್ನು ಕರೆಸಲಾಯಿತು. ಬಿಳಿ ಗಡ್ಡ, ಬಣ್ಣದ ಡಬ್ಬಿಗಳ ಗಂಟು, ಕೂದಲಿನಷ್ಟು ಮೃದುವಾದ ಕುಂಚ. ಅಪ್ಪ ಈ ಸಲ ಗುತ್ತಿಗೆ ಕರಾರಿನಷ್ಟು ಸ್ಪಷ್ಟವಾಗಿ ಹೇಳಿದರು: ಬರೇ ಕರಿ. ಅವರು ಹೂಂ ಎಂದರು. ಅವರು ಕರಿ ಹಚ್ಚುವುದನ್ನು ನೋಡುವುದೇ ಒಂದು ಸುಖ. ಕುಂಚ ಹೋದ ಗುರುತೂ ಉಳಿಯುತ್ತಿರಲಿಲ್ಲ. ಅಪ್ಪ ಎಂಟು ದಿನದಲ್ಲಿ ಮೊದಲ ಸಲ ನಿಶ್ಚಿಂತೆಯಿಂದ ಮಧ್ಯಾಹ್ನ ಮಲಗಿದರು.

ಎದ್ದು ಬಂದು ನೋಡಿದರೆ ಕರಿಯ ನಟ್ಟನಡುವೆ ಎರಡು ಹಸಿರು ಗಿಣಿ, ಕೊಕ್ಕಿಗೆ ಕೊಕ್ಕು ಹಚ್ಚಿ ಕುಳಿತಿದ್ದವು. ನಡುವೆ ಒಂದು ಗುಲಾಬಿ.

ಬಣ್ಣದವರಿಗೆ ಅಪ್ಪನ ಸಿಟ್ಟು ಅರ್ಥವೇ ಆಗಲಿಲ್ಲ. ಇಷ್ಟು ಚೆಂದದ ಕರಿ ಖಾಲಿ ಬಿಟ್ಟರೆ ದೃಷ್ಟಿಯಾಗುತ್ತದೆ, ಖಾಲಿ ಬಾಗಿಲು ಬಿಟ್ಟು ಬಂದನೆಂದು ತಿಳಿದರೆ ವಾಡಿಯಲ್ಲಿ ತಾನು ಮುಖ ತೋರಿಸುವುದು ಹೇಗೆ ಎಂದರು. ಆಯಿ, ಗಿಣಿ ಇರಲಿ ಬಿಡೋ, ಅಳಿಯ ಬೈದರೆ ನಾ ಹೇಳ್ತೀನಿ ಎಂದಳು. ಅಪ್ಪ ಕೇಳಲಿಲ್ಲ. ಮಾಮಾ ಬರುವ ದಿನ ಮುಂಜಾನೆ, ಗಿಣಿಗಳ ಮೇಲೆ ಮತ್ತೆ ಕರಿ, ಅದು ಅರೆಬರೆ ಆರುತ್ತಲೇ ಅವಸರದಿಂದ ವಾರ್ನಿಶ್. ಬಣ್ಣದವರು ಮನೆಯವರನ್ನು ಮಣ್ಣು ಮಾಡಿ ಬಂದವರಂತೆ ಕುಂಚ ತೊಳೆದರು. ಹೊರಡುವಾಗ ನನ್ನ ಮೋರೆಯೂ ಸಪ್ಪಗಿದ್ದದ್ದು ನೋಡಿ, ಹತ್ತಿರ ಬಂದು ಗುಟ್ಟಾಗಿ ಹೇಳಿದರು:

"ಫಿಕರ್ ಮಾಡಬ್ಯಾಡ ಬೇಟಿ. ಗಿಣಿ ಒಳಗ ಜಿಂದಾ ಅದಾವ. ಮ್ಯಾಲಿನ ಕರಿ ಉದುರಿದ್ರ ತಾವೇ ಹೊರಗ ಬರ್ತಾವ."

೭. ಹೆಬ್ಬೆಟ್ಟು

ಅಪ್ಪ ಮಾಮಾನನ್ನು ಕರೆತರಲು ಸ್ಟೇಷನ್ನಿಗೆ ಹೊರಟರು. ವಾರ್ನಿಶ್ ಇನ್ನೂ ಹಸಿ, ಅದರ ಕೆಳಗಿನ ಕರಿಯೂ ಪೂರಾ ಒಣಗಿರಲಿಲ್ಲ. ಹೇಗೋ ಮಾಮಾನನ್ನು ನೇರ ಊಟಕ್ಕೆ ಕೂಡಿಸಿ, ಸಂಜೆಯ ತನಕ ಮಾತಿನಲ್ಲಿ ಇಟ್ಟುಕೊಂಡರಾಯಿತು ಎಂಬುದು ಅಪ್ಪನ ಯೋಜನೆ. ನನಗೆ ವಹಿಸಿದ್ದು ಒಂದೇ ಕೆಲಸ: ಬಾಗಿಲ ಹತ್ತಿರ ಕುಳಿತು ಯಾರಿಗೂ ಮುಟ್ಟಗೊಡಬಾರದು.

ದೊಡ್ಡವರಿಗೆ ಮುಟ್ಟಬೇಡಿರಿ ಎಂದು ಬಾಯಿಬಿಟ್ಟು ಹೇಳುವುದು ನನ್ನಿಂದ ಆಗದ ಮಾತು. ಆದ್ದರಿಂದ ಒಂದು ರಟ್ಟಿನ ಮೇಲೆ ಬಣ್ಣ ಹಸಿ ಇದೆ, ಮುಟ್ಟಬೇಡಿರಿ ಎಂದು ದೊಡ್ಡ ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ದಾರ ಕಟ್ಟಿ ಬಾಗಿಲ ಹಿಡಿಕೆಗೆ ತೂಗುಹಾಕಿದೆ. ಇಂಗ್ಲಿಷಿನಲ್ಲಿ ಯಾಕೆ ಬರೆದಿ ಎಂದು ಆಮೇಲೆ ಎಲ್ಲರೂ ಕೇಳಿದರು. ನನಗೆ ಧೈರ್ಯವಾಗಿ ಬರೆಯಲು ಬರುತ್ತಿದ್ದದ್ದು ಅದೊಂದೇ.

ಸ್ವಲ್ಪ ಹೊತ್ತಿಗೆ ತೆಂಗಳಿಯಿಂದ ಒಬ್ಬ ರೈತ ಬಂದ. ವಯಸ್ಸಾದವನು, ಹೊಲದ ತಕರಾರಿಗೆ ಹದಿನೈದು ವರ್ಷದಿಂದ ಅಪ್ಪನ ಕಕ್ಷಿದಾರ. ಕೋರ್ಟಿನ ರೀತಿ ರಿವಾಜು ಅವನಿಗೆ ಬಾಯಿಪಾಠ. ಕೋರ್ಟಿನ ಚಪರಾಸಿ ಯಾರದಾದರೂ ಮನೆಯ ಬಾಗಿಲಿಗೆ ನೋಟೀಸು ತೂಗುಹಾಕಿದರೆ, ಅಲ್ಲಿ ನಿಂತ ಮಂದಿಯಿಂದ ಸಾಕ್ಷಿಗೆಂದು ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾನೆ. ಈತ ಅಂಥ ನೋಟೀಸಿಗೆ ಎಷ್ಟೋ ಸಲ ಸಾಕ್ಷಿಯಾದವನು. ಈಗ ಅವನ ಕಣ್ಣಿಗೆ ಬಿದ್ದದ್ದೇನು? ವಕೀಲರ ಅಂಗಳ. ಒಂದು ಬಾಗಿಲು. ಬಾಗಿಲಿಗೆ ತೂಗುಹಾಕಿದ ಇಂಗ್ಲಿಷ್ ಕಾಗದ. ಪಕ್ಕದಲ್ಲಿ ಕಾವಲಿಗೆ ಗಂಭೀರವಾಗಿ ಕುಳಿತ ಒಬ್ಬ ಹುಡುಗಿ. ಮಸಿ ಕೂಡ ಆಗಲೇ ಹಸಿಯಾಗಿ ಹಚ್ಚಿಟ್ಟಿದ್ದಾರೆ.

ಅವನು ಚಪ್ಪಲಿ ಬಿಟ್ಟ, ರುಮಾಲು ಸರಿ ಮಾಡಿಕೊಂಡ. "ಯವ್ವಾ, ಸಾಕ್ಷಿ ಯಾರೂ ಸಿಕ್ಕಿಲ್ಲೇನು? ನಾ ಹಾಕ್ಲೇನು?"

ನಾನು ಉತ್ತರ ಕೂಡಿಸತೊಡಗಿದೆ. ಅಪ್ಪಾರ ಎನ್ನಲೋ, ಕಾಕಾರ ಎನ್ನಲೋ. ಬೇಡ ಎಂದರೆ ಒರಟಾದೀತು. ದಯಮಾಡಿ ಎಂದು ಶುರು ಮಾಡಿದರೆ ಸರಿಯಾದೀತು ಎಂದು ಬಾಯಿ ತೆರೆಯುವಷ್ಟರಲ್ಲಿ ಅವನು ಎಡಗೈ ಹೆಬ್ಬೆಟ್ಟನ್ನು ರಟ್ಟಿನ ಪಕ್ಕಕ್ಕೇ ಊರಿ, ಈ ಮಗ್ಗುಲಿಂದ ಆ ಮಗ್ಗುಲಿಗೆ ನಿಧಾನವಾಗಿ ಹೊರಳಿಸಿ ಎತ್ತಿದ್ದ. ಆಮೇಲೆ ಬೇವಿನ ನೆರಳಿಗೆ ಹೋಗಿ, ಒಂದು ಕೆಲಸ ಮುಗಿಸಿದವನಂತೆ ಹೆಬ್ಬೆಟ್ಟಿಗೆ ಉಫ್ ಉಫ್ ಎಂದು ಊದಿಕೊಳ್ಳುತ್ತ ಕುಳಿತ.

ಅದೇ ಗಳಿಗೆಗೆ ಟಾಂಗಾ ಬಂದು ನಿಂತಿತು.

ಮಾಮಾ ಇಳಿದರು. ಬಾಯಿಯಲ್ಲಿ ಹೊಸ ಹಲ್ಲು, ಫರಸಿ ಕೂಡಿಸಿದಂತೆ ಒಂದೇ ಸಾಲು. ಕಟ್ಟು ಇನ್ನೂ ಸರಿಯಾಗಿ ಕೂತಿಲ್ಲ, ಒಂದು ತಿಂಗಳು ಜೋರಾಗಿ ಮಾತಾಡಕೂಡದು ಎಂದು ಡಾಕ್ಟರು ಹೇಳಿದ್ದರಂತೆ. ಆದ್ದರಿಂದ ಅವರು ತುಟಿ ಬಿಗಿಹಿಡಿದು, ಒಂದೊಂದೇ ಮಾತನ್ನು ತೂಗಿ ಹೊರಗೆ ಬಿಡುತ್ತಿದ್ದರು. ಊಟದ ಮಾತು ಎತ್ತುವುದಕ್ಕೇ ಅವಕಾಶ ಕೊಡದೆ ನೇರ ಮೋಟಾರಿನ ಕಡೆ ನಡೆದರು. ಅಪ್ಪ ಹಿಂದಿನಿಂದ, ಪಕ್ಕದ ಮನೆಯಲ್ಲಿ ಒಂದು ಎಮ್ಮೆ ಇದೆ ಎಂದು ಶುರು ಮಾಡಿದರು.

ನನಗೆ ಒಮ್ಮೆಲೇ ಎಲ್ಲ ಕಂಡಿತು. ಹಾಸ್ಟೆಲಿಗೆ ಹೋದ ಹಾಸಿಗೆ, ಸೇಡಂ ಕಡೆಯ ವರ, ದಿನಾ ಬೈಸಿಕೊಂಡ ಎಮ್ಮೆ. ಎದ್ದು ನಿಂತೆ. ಆ ಸೂಟಿಯಲ್ಲಿ ನಾನಾಗಿ ಆಡಿದ ಮೊದಲ ಪೂರ್ತಿ ಮಾತು ಅದು.

"ಮಾಮಾ, ಗೀರು ಎಮ್ಮಿದಲ್ಲ. ನನ್ನ ಟ್ರಂಕಿಂದು."

ಮಾಮಾ ಬಾಗಿಲ ಆ ತುದಿಯಿಂದ ಈ ತುದಿಯ ತನಕ ನೋಡಿದರು. ನನ್ನನ್ನು ನೋಡಿದರು.

"ಯಾವ ಗೀರು?"

ಖರೆ. ಗೀರು ಈಗ ಎಲ್ಲಿತ್ತು? ಅದು ಇದ್ದ ತಗಡೇ ಅರ್ಧ ರಾವೂರಿನವನ ಸಾಣೆಗೆ ಹೋಗಿತ್ತು. ಅಪ್ಪ ನನ್ನ ಕಡೆ ನೋಡಿದ ನೋಟದಲ್ಲಿ, ಕೇಳದ ಪ್ರಶ್ನೆಗೆ ಉತ್ತರ ಕೊಟ್ಟ ಸಾಕ್ಷಿದಾರನನ್ನು ವಕೀಲರು ನೋಡುವ ನೋಟವಿತ್ತು. ಮಾಮಾನ ಕಣ್ಣು ಮಾತ್ರ ಬೇರೆ ಕಡೆ ನಿಂತಿತ್ತು. ಅವರು ಕೋಟಿನ ಜೇಬಿನಿಂದ ಭೂತಗನ್ನಡಿ ತೆಗೆದು ಬಗ್ಗಿದರು. ಮೂವತ್ತು ವರ್ಷದ ಕಚೇರಿಯ ರೂಢಿ, ಹೆಬ್ಬೆಟ್ಟು ಕಂಡರೆ ಬಿಡುವುದಿಲ್ಲ.

"ಎಡಗೈ," ಎಂದರು. "ಹೊರಳಿಸಿ ಒತ್ಯಾರ. ಒಂದೊಂದು ಗೆರಿ ಎಣಸಬಹುದು. ನಮ್ಮ ಕಚೇರ್ಯಾಗ ಇಷ್ಟು ಸ್ವಚ್ಛ ಒತ್ತವ್ರು ಒಬ್ಬರಿಲ್ಲ." ಆಮೇಲೆ ತಾವು ನೋಡುತ್ತಿರುವುದು ದಸ್ತಾವೇಜಲ್ಲ, ತಮ್ಮ ಮೋಟಾರು ಎಂದು ನೆನಪಾಗಿ ನೆಟ್ಟಗಾದರು. "ಯಾರದಿದು?"

ತೆಂಗಳಿಯ ರೈತ ಹೊಗಳಿಕೆ ಕೇಳಿ ಆಗಲೇ ಎದ್ದು ಬಂದಿದ್ದ. "ನಂದೇ ರಿ ಸಾಹೇಬ್ರ."

ಕಾಗದದಲ್ಲಿ ಬರೆದದ್ದೇನು ಎಂದು ಅವನು ಕೇಳಿದ. ಮಾಮಾ ನನ್ನ ಕಡೆ ಬೆರಳು ಮಾಡಿದರು. ನಾನು ಓದಿ ಹೇಳಿದೆ. ಅವನ ಮುಖ ಇಳಿಯಿತು. ಮುಟ್ಟಬಾರದ್ದನ್ನು ಮುಟ್ಟಿದೆನಲ್ಲ ಎಂದಲ್ಲ, ಬೇರೆಯೇ ಭಯ.

"ನೋಟೀಸ್ ಅಲ್ಲಂದ್ರ ನಾ ಯಾತಕ್ಕ ಒತ್ತಿದಂಗ ಆತು ರಿ? ಈ ಮೋಟಾರ್ ನನ್ನ ಕೊರಳಿಗಿ ಬಿತ್ತೇನು? ಮನ್ಯಾಗ ಎತ್ತಿಗೇ ಜಾಗಾ ಇಲ್ಲ."

ಮಾಮಾನಿಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ದನಿ ಎತ್ತಿದರೆ ಮೇಲಿನ ಕಟ್ಟು ಏಳುತ್ತಿತ್ತು. ಅದನ್ನು ನಾಲಿಗೆಯಿಂದ ಒತ್ತಿಹಿಡಿದು, ಅಪ್ಪನನ್ನು ನೋಡುತ್ತ, ಕುಹಕವಾಗಿ ನಿಧಾನವಾಗಿ ಹೇಳಿದರು: "ಬೀಳಲಾರದೇನು? ಇದು ರದ್ದಾಗಬೇಕಂದ್ರ ಮತ್ತೊಂದು ಹೆಬ್ಬೆಟ್ಟು ಬೇಕು."

"ಅಷ್ಟೇ ಹೌದಲ್ರಿ," ಎಂದ ರೈತ, ದೊಡ್ಡ ಭಾರ ಇಳಿದವನಂತೆ. ಯಾರೂ ಕೈ ಹಿಡಿಯುವ ಮೊದಲೇ ಎಡಗೈ ಹೆಬ್ಬೆಟ್ಟನ್ನು ಧೋತರಕ್ಕೆ ಒರೆಸಿ, ಮೊದಲನೆಯದರ ಪಕ್ಕದಲ್ಲಿ, ಸಾಲು ತಪ್ಪದಂತೆ, ಮತ್ತೊಂದು ಒತ್ತಿದ. ಇದು ಮೊದಲಿನದಕ್ಕಿಂತ ಸ್ವಚ್ಛ ಬಂದಿತ್ತು.

ಮಾಮಾ ಡಾಕ್ಟರ ಮಾತು ಮರೆತರು. ಬಾಯಿ ಪೂರಾ ತೆರೆದು ಗುಡುಗಿದರು. ಶಬ್ದ ಹೊರಗೆ ಬರುವ ಮೊದಲು ಹಲ್ಲು ಬಂತು. ಕೈ ಮುಗಿಯಲೆಂದು ಮುಂದೆ ಚಾಚಿದ್ದ ರೈತನ ಬೊಗಸೆಯಲ್ಲಿ ಅದು ಸರಿಯಾಗಿ ಹೋಗಿ ಕುಳಿತಿತು.

ಬೇಲಿಯ ಆಚೆ ಎಮ್ಮೆ ಕೂಡ ಮೆಲುಕು ನಿಲ್ಲಿಸಿತ್ತು. ರೈತ ಬೊಗಸೆಯೊಳಗಿನ ಹಲ್ಲುಗಳನ್ನು ನೋಡಿದ. ಮಾಮಾನನ್ನು ನೋಡಿದ. ಬಹಳ ಮರ್ಯಾದೆಯಿಂದ ಕೇಳಿದ:

"ಇದಕ್ಕೂ ಒತ್ತಬೇಕೇನ್ರಿ?"

ಮೊದಲು ನಕ್ಕದ್ದು ಆಯಿ. ಆಮೇಲೆ ಮುನಶಿ ಸಾಹೇಬರು ಗೋಡೆಯ ಕಡೆ ಮುಖ ಮಾಡಿದರು, ಅವರ ಬೆನ್ನು ಅಲುಗುತ್ತಿತ್ತು. ಕೊನೆಗೆ ಮಾಮಾನೇ, ಕೈಯಿಂದ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಹಲ್ಲಿಲ್ಲದೆ ಅಷ್ಟು ನಕ್ಕ ಮೇಲೆ ತಿರುಗಿ ಸಿಟ್ಟಿಗೇಳುವುದು ಯಾರಿಂದಲೂ ಆಗುವುದಿಲ್ಲ. ಅವರು ಕಟ್ಟೆಯ ಮೇಲೆ ಕುಳಿತು, ಎಂಟು ದಿನದ ಕತೆಯನ್ನೆಲ್ಲ ಕೇಳಿಸಿಕೊಂಡರು. ಬೂದಿ, ಅಜವಾನ, ಸಾಣೆಕಲ್ಲು, ಗಿಣಿ. ಆಮೇಲೆ ಅಪ್ಪನಿಗೆ ಹೇಳಿದರು, ಮಾತೆಲ್ಲ ಮೆತ್ತಮೆತ್ತಗೆ ಬರುತ್ತಿತ್ತು:

"ನಾಳಿ ಮೋಟಾರ್ ಒಯ್ತೀನಿ, ಈಕಿನ್ನೂ ಒಯ್ತೀನಿ. ಇಲ್ಲೇ ಬಿಟ್ರ ಈ ಹುಡುಗಿನೂ ರಿಪೇರಿ ಮಾಡಿಬಿಡ್ತೀರಿ ನೀವು."

ಮರುದಿನ ಹೊರಟಾಗ ನನ್ನ ಟ್ರಂಕಿಗೆ ಆಯಿ ಎರಡು ಕೌದಿ ಸುತ್ತಿ ಕಟ್ಟಿದ್ದಳು. ಗಾಳಿಗೆ ಅಲ್ಲಾಡಿ ಅಲ್ಲಾಡಿ ನಾನು ಬರೆದ ರಟ್ಟು ಹಸಿ ವಾರ್ನಿಶಿಗೆ ಅಂಟಿ ಅಲ್ಲೇ ಒಣಗಿತ್ತು, ಕೀಳಲು ಬರಲಿಲ್ಲ. ಮಳಖೇಡ ದಾಟಿ ಸೇಡಂ ನಾಕಾ ಬಂತು, ಸಾಮಾನು ತಪಾಸಣೆ ಮಾಡುವ ಜಾಗ. ಅಲ್ಲಿನ ಜವಾನ ಹಪ್ಪಳದ ಗಂಟನ್ನೂ ಬಿಚ್ಚಿಸಿ ನೋಡುವ ಖ್ಯಾತಿಯವನು. ಅವನು ಕೈ ಅಡ್ಡ ಹಿಡಿದು ಬಂದ, ಮೋಟಾರಿನ ಸುತ್ತ ನಡೆದ, ಹಿಂದಿನ ಬಾಗಿಲ ಎದುರು ನಿಂತ. ಇಂಗ್ಲಿಷ್ ಅಕ್ಷರ ನೋಡಿದ, ಪಕ್ಕದಲ್ಲಿ ಎರಡು ಹೆಬ್ಬೆಟ್ಟು ನೋಡಿದ. ಹಿಂದಕ್ಕೆ ಸರಿದು ಸಲಾಮು ಹೊಡೆದ.

"ಕಾಗದಪತ್ರ ಎಲ್ಲಾ ಬರೋಬರಿ ಅದಾವ. ಹೋಗ್ರಿ ಸಾಹೇಬ್ರ."

ಮಾಮಾ ಮರುಮಾತಾಡಲಿಲ್ಲ. ಆಡುವಂತೆಯೂ ಇರಲಿಲ್ಲ, ಹಲ್ಲು ನನ್ನ ಟ್ರಂಕಿನಲ್ಲಿತ್ತು.